ಹೊರಟು ನಿಂತವನಿಗೆ ಹೇಳದ ಮಾತು

ಕಲ್ಯಾಣ್ ಸ್ಟೇಷನ್ನಿನ ಹೊರಗೆ ನಮ್ಮದೊಂದು ಉಡುಪಿ ಹೋಟೆಲು. ಕಸಾರಾ ಕಡೆಯ ಬೆಟ್ಟಗಳಿಂದ ಇಳಿದು ಬರುವ ಚಾರಣಿಗರಿಗೆ ಮೊದಲು ಬೇಕಾಗುವುದು ಬಿಸಿ ಇಡ್ಲಿ ಸಾಂಬಾರ್. ತಿಂದಾದ ಮೇಲೆ ಗಲ್ಲಾದಲ್ಲಿ ಕೂತ ಅಪ್ಪನಿಗೆ ದುಡ್ಡಿನ ಜೊತೆ ದಾರಿಯ ಸುದ್ದಿಯನ್ನೂ ಕೊಟ್ಟು ಹೋಗುತ್ತಿದ್ದರು. ಎಲ್ಲಿ ಮಣ್ಣು ಕುಸಿದಿದೆ, ಯಾವ ಬಂಡೆ ಪಾಚಿಗಟ್ಟಿದೆ, ಮೇಲೆ ಕುಡಿಯುವ ನೀರು ಇದೆಯೋ ಇಲ್ಲವೋ. ಮೊಣಕಾಲು ನೋವಿನ ಅಪ್ಪನಿಗೆ ಸ್ಟೇಷನ್ನಿನ ಬ್ರಿಡ್ಜ್ ಹತ್ತುವುದೇ ಕಷ್ಟ. ಆದರೂ ಕಿವಿಗೊಟ್ಟು ಕೇಳುತ್ತಿದ್ದರು, ಏಕೆಂದರೆ ನನ್ನ ತಮ್ಮ ವಾರ ವಾರ ಆ ಬೆಟ್ಟಗಳಿಗೇ ಹೋಗುವವನು.

ತಮ್ಮನಿಗೆ ಐರೋಲಿಯಲ್ಲಿ ಕೆಲಸ. ಶನಿವಾರ ಬಂತೆಂದರೆ ಮನೆಯಲ್ಲಿ ನಿಲ್ಲದ ಪ್ರಾಣಿ. ಡೊಂಬಿವಲಿಯ ಗೆಳೆಯರ ಗುಂಪಿಗೆ ಅವನೇ ಮುಂದಾಳು. ಕಡಿದಾದ ಜಾಗದಲ್ಲಿ ಮೊದಲು ಹತ್ತಿ ಉಳಿದವರಿಗೆ ಹಗ್ಗ ಬಿಡುತ್ತಿದ್ದವನು ಅವನೇ. ಅಕ್ಕನಾದ ನನಗೆ ಬೈಯುವ ಕೆಲಸ. "ಕಲ್ಲು ಹತ್ತಿ ಇಳಿದ್ರೆ ನಿಂಗೆ ಯಾರು ಸಂಬಳ ಕೊಡ್ತಾರೆ ಮಾರಾಯಾ?" ಎಂದರೆ ನಗುತ್ತಿದ್ದ. ಕನ್ನಡದಲ್ಲಿ ಬೈದದ್ದಕ್ಕೆ ಮರಾಠಿಯಲ್ಲಿ ಉತ್ತರ: "ತೂ ಪಣ್ ಚಲ್ ನಾ, ಅಕ್ಕಾ." ನೀನೂ ಬಾ ಅಂತ.

ಆ ಶನಿವಾರ ಸಂಜೆ ಒಂದು ಗುಂಪು ತುದಿ ಮುಟ್ಟದೆ ವಾಪಸು ಬಂದಿತ್ತು. ಮರುದಿನ ತಮ್ಮ ಹತ್ತಬೇಕಿದ್ದದ್ದೂ ಅದೇ ಶಿಖರ. ಮೇಲಿನ ಬಂಡೆಯಲ್ಲಿ ಕೊರೆದಿದ್ದ ಮೆಟ್ಟಿಲುಗಳು ಮಳೆಗೆ ಬಿರುಕು ಬಿಟ್ಟಿವೆ, ಕಾಲಿಟ್ಟರೆ ಅಲ್ಲಾಡುತ್ತವೆ, ಅಲ್ಲಿ ಕಟ್ಟಿದ್ದ ಹಳೆಯ ಹಗ್ಗ ಉಜ್ಜಿ ಉಜ್ಜಿ ಎಳೆ ಬಿಟ್ಟಿದೆ ಎಂದರಂತೆ. ಫೋನಿನಲ್ಲಿ ಹೇಳಿದರೆ ಮಗ ತಮಾಷೆ ಮಾಡುತ್ತಾನೆ, ಎದುರು ನಿಂತು ತಡೆಯಬೇಕು ಎಂದುಕೊಂಡು ಅಪ್ಪ ಗಲ್ಲಾ ಬಿಟ್ಟು ರಿಕ್ಷಾ ಹತ್ತಿದರು. ಸಂಜೆಯ ಟ್ರಾಫಿಕ್ಕು. ಮನೆ ಮುಟ್ಟುವಾಗ ತಡವಾಗಿತ್ತು.

ಅಪ್ಪ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಾಗ ತಮ್ಮ ಬ್ಯಾಗು ಹೆಗಲಿಗೇರಿಸಿ, ಫೋನು ಕಿವಿಗಿಟ್ಟು ಗೆಳೆಯರ ಜೊತೆ ಮಾತಾಡುತ್ತಾ ಶೂ ಕಟ್ಟುತ್ತಿದ್ದ. ದೇವರಿಗೆ ಕೈಮುಗಿದಾಗಿತ್ತು. ಹೊರಡುವವನಿಗೆ ಶುಭವಾಗಲೆಂದು ಅಮ್ಮ ಮೊಸರು ಸಕ್ಕರೆ ಕೊಟ್ಟಾಗಿತ್ತು. ಅಪ್ಪ, "ಅಲ್ಲ, ಆ ಮೇಲಿನ ಮೆಟ್ಟಿಲು..." ಎಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವರ ತೋಳು ಹಿಡಿದು ಒಳಗೆ ಎಳೆದುಕೊಂಡಳು.

"ಹೊರಟು ನಿಂತವನ ಹತ್ರ ಅಪಶಕುನ ಮಾತಾಡ್ಬೇಡಿ. ಅಲ್ಲಿ ಮುಟ್ಟಿ ಫೋನ್ ಮಾಡ್ತಾನಲ್ಲ, ಆಗ ಹೇಳಿ."

ಅಪ್ಪ ಮಾತು ನುಂಗಿಕೊಂಡರು. ತಮ್ಮ "ಯೇತೋ, ಅಮ್ಮಾ" ಎಂದ. ಹೋಗ್ತೇನೆ ಅನ್ನಬಾರದು, ಬರ್ತೇನೆ ಅನ್ನಬೇಕು. ಮರಾಠಿಯಲ್ಲಾದರೂ ಸರಿ, ಮಗ ಅದನ್ನು ಮರೆಯಲಿಲ್ಲ ಎಂದು ಅಮ್ಮನಿಗೆ ಸಮಾಧಾನ.

ಅಡುಗೆಮನೆಯಲ್ಲಿದ್ದ ನನಗೆ ಅಪ್ಪನಿಂದ ಸಂಗತಿ ಗೊತ್ತಾದದ್ದು ಬಾಗಿಲು ಮುಚ್ಚಿದ ಮೇಲೆ. ಬಾಲ್ಕನಿಗೆ ಓಡಿದೆ. ಕೆಳಗೆ ಅವನು ರಿಕ್ಷಾದೊಳಗೆ ಬ್ಯಾಗು ತುರುಕುತ್ತಿದ್ದ. ಕೂಗಬೇಕೆನ್ನುವಾಗ ಅಮ್ಮ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿದಳು.

"ಹೊರಟವನನ್ನು ಹಿಂದಿನಿಂದ ಕರೀಬಾರ್ದು!"

ಕೈ ಕಿತ್ತೆಸೆದೆ. "ಕರೀಬಾರ್ದಾ? ಹಾಗಾದ್ರೆ ಸಾಯ್ಲಿಕ್ಕೆ ಬಿಡುದಾ?"

ಅಮ್ಮ ಕೆನ್ನೆಗೆ ಬಾರಿಸಿದಳು. ಸಾಯುವ ಮಾತು ಬಾಯಲ್ಲಿ ಬಂದದ್ದಕ್ಕೆ. ನಾನು ಮತ್ತೆ ಕೆಳಗೆ ನೋಡುವಾಗ ರಿಕ್ಷಾ ಗೇಟು ದಾಟಿಯಾಗಿತ್ತು.

ಎಷ್ಟು ಸಲ ಫೋನು ಮಾಡಿದೆನೋ. ಲೋಕಲ್ ರೈಲಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಆಮೇಲೆ ಸ್ವಿಚ್ ಆಫ್. ಬೆಟ್ಟದಲ್ಲಿ ಬೇಕಾಗುತ್ತದೆಂದು ಚಾರ್ಜು ಉಳಿಸುವುದು ಅವನ ಅಭ್ಯಾಸ. ಅಲ್ಲಿ ಮುಟ್ಟಿದ ಮೇಲೆ ನೆಟ್‌ವರ್ಕ್ ಸಿಗಲಿಲ್ಲವೋ ಏನೋ, ಅವನ ಫೋನು ಬರಲೇ ಇಲ್ಲ. ಅಪ್ಪ ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಅಮ್ಮ ದೇವರ ಮುಂದೆ ಕೂತವಳು ಎದ್ದಿರಲಿಲ್ಲ.

ಭಾನುವಾರ ಅವನ ಗೆಳೆಯನ ಫೋನು ಬಂತು. ಎಂದಿನಂತೆ ಮೊದಲು ಹತ್ತಿದವನು ನನ್ನ ತಮ್ಮ. ಕಾಲಿಟ್ಟ ಮೆಟ್ಟಿಲು ಕಿತ್ತು ಬಂತು, ಹಿಡಿದಿದ್ದ ಹಗ್ಗವೂ ತುಂಡಾಯಿತು. ಬೆಟ್ಟದ ಬುಡದ ಊರಿನವರು ಬಿದಿರಿಗೆ ಕಂಬಳಿ ಕಟ್ಟಿ ಅವನ ದೇಹವನ್ನು ಕೆಳಗೆ ತಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ನಮಗೆ ಹೇಳಿಕೊಟ್ಟಿದ್ದಳು. ಆಡದೆ ಇದ್ದರೆ ಏನು ಹೋಗುತ್ತದೆ ಎಂದು ಯಾವ ಗಾದೆ ಹೇಳುತ್ತದೆ? ಅವಳ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ಅಪ್ಪನ ಮೇಲೂ ಇದೆ. ಬೆನ್ನಿಗೆ ಬ್ಯಾಗು ಹಾಕಿದವರು ಹೋಟೆಲಿಗೆ ಬಂದರೆ ಅಪ್ಪ ಈಗ ಗಲ್ಲಾದಿಂದ ಎದ್ದು ಹೋಗಿ, "ಮತ್ ಜಾವ್, ವಾಪಸ್ ಘರ್ ಜಾವ್" ಎಂದು ಮನೆಗೆ ಹಿಂತಿರುಗಿ ಹೋಗಲು ಹೇಳುತ್ತಾರೆ. ಕೆಲವರು ಮುಖ ಸಿಂಡರಿಸಿ ಎದುರಿನ ಹೋಟೆಲಿಗೆ ಹೋಗುತ್ತಾರೆ.

ನಾನು ಬೆಳಿಗ್ಗೆ ಥಾಣೆಯಲ್ಲಿರುವ ನನ್ನ ಆಫೀಸಿಗೆ ಹೊರಡುವಾಗ ಅಮ್ಮ ಬಾಗಿಲಿಗೆ ಬರುತ್ತಾಳೆ. ಮೊಸರು ಸಕ್ಕರೆ ಇಲ್ಲ. "ಲೋಕಲಿನ ಬಾಗಿಲಲ್ಲಿ ನೇತಾಡ್ಬೇಡ. ಕೈ ಜಾರಿದ್ರೆ ಸಾಯ್ತಿ" ಎನ್ನುತ್ತಾಳೆ. ಆ ಮಾತಿಗೇ ನನ್ನ ಕೆನ್ನೆಗೆ ಹೊಡೆದವಳು. ನಾನು "ಬರ್ತೇನೆ" ಎಂದು ಇಳಿಯುತ್ತೇನೆ. ಅರ್ಧ ಇಳಿಯುವಷ್ಟರಲ್ಲಿ ಅವಳು ಮೇಲಿನಿಂದ ಹೆಸರು ಹಿಡಿದು ಕರೆಯುತ್ತಾಳೆ. ಹೇಳುವುದಕ್ಕೆ ಏನೂ ಇರುವುದಿಲ್ಲ. ನಾನು ನಿಂತು ತಿರುಗಿ ನೋಡುವವರೆಗೂ ಕರೆಯುತ್ತಲೇ ಇರುತ್ತಾಳೆ.