ಮಾಡದ ಗಲಾಟೆಯ ಶಿಕ್ಷೆ

ಮೊನ್ನೆ ಸಂಜೆ ಮಗಳ ಶಾಲೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಗಂಟೆ ಹೊಡೆದು ಹೆಚ್ಚಿನ ಮಕ್ಕಳು ಹೋಗಿಯಾಗಿತ್ತು. ಒಳಗೆ ಯಾರೋ ತರಗತಿ ಗುಡಿಸುತ್ತಿದ್ದರು. ಸೀಮೆಸುಣ್ಣದ ಧೂಳಿನ ವಾಸನೆ ಗೇಟಿನವರೆಗೂ ಬಂತು. ಐದನೇ ತರಗತಿಯ ನನ್ನ ಮಗಳು ಇನ್ನೂ ಬಂದಿರಲಿಲ್ಲ. ಲೆಕ್ಕದ ಹೋಂವರ್ಕ್ ಮಾಡದವರನ್ನು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸೋಣವೇ ಎಂದು ಪಾಲಕರ ಸಭೆಯಲ್ಲಿ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ. ನಗಬೇಡಿ, ನನಗೊಂದು ಕಾರಣವಿತ್ತು.

ನಾನು ಹಳದೀಪುರದಲ್ಲಿ ಶಾಲೆಗೆ ಸೇರಿದ್ದೇ ತಡವಾಗಿ. ಅಮ್ಮ ಗದ್ದೆ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅವನು ಶಾಲೆಗೆ ಹೋಗುವಷ್ಟು ದೊಡ್ಡವನಾದ ಮೇಲೆ ಇಬ್ಬರ ಹೆಸರನ್ನೂ ಒಂದೇ ದಿನ ಹಚ್ಚಿದರು. ಅಣ್ಣ ತಮ್ಮ ಒಂದೇ ತರಗತಿ. ಮೂರನೇ ತರಗತಿಗೆ ಬರುವಾಗ ತಮ್ಮ ಪಾಠವನ್ನು ಗಡಗಡ ಓದುತ್ತಿದ್ದ. ನನಗೆ ಒತ್ತಕ್ಷರ ಕಂಡ ಕೂಡಲೇ ಬಾಯಿ ಕಟ್ಟುತ್ತಿತ್ತು.

"ನಿನ್ ತಮ್ಮನ ಹತ್ರ ಹೇಳಿಸ್ಕ ಮಾರಾಯಾ" ಎಂದು ಹುಡುಗರು ನಗುತ್ತಿದ್ದರು. ಶಾಲೆ ಸಾಕು, ಮಾವನ ಜೊತೆ ಚಿರೇಕಲ್ಲಿನ ಕ್ವಾರಿಗೆ ಹೋಗುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿಯೂ ಆಗಿತ್ತು.

ಆ ವಾರವೇ, ಕುಮಟೆಯಿಂದ ಬಸ್ಸಿನಲ್ಲಿ ಬಂದು ನಮಗೆ ಕಲಿಸುತ್ತಿದ್ದ ಅಕ್ಕೋರು ಸಂಜೆ ಬೆತ್ತವನ್ನು ಮೇಜಿಗೆ ಕುಟ್ಟಿದರು. "ಎಂತ ಗಲಾಟೆ ಅದು? ಹಿಂದೆ ಕೂತವ್ನೆ, ನಿಂದೇ. ಮನೆಗೆ ಹೋಗುದು ಬೇಡ, ಇಲ್ಲೇ ಕೂತ್ಕ."

ನಾನು ತುಟಿ ಬಿಚ್ಚಿದವನೇ ಅಲ್ಲ. ತುಟಿ ಬಿಚ್ಚಲು ಹೆದರಿಯೇ ಅಲ್ಲವೇ ಹಿಂದೆ ಕೂರುತ್ತಿದ್ದದ್ದು!

ಎಲ್ಲರೂ ಹೋದ ಮೇಲೆ ಅಕ್ಕೋರು ಬೆತ್ತವನ್ನು ಕಪಾಟಿನ ಮೇಲಿಟ್ಟು ಒಂದನೇ ತರಗತಿಯ ಪುಸ್ತಕ ತೆಗೆದರು. "ಈಗ ಓದು. ಕೇಳುಕೆ ನಾನೊಬ್ಳೇ ಇರುದು."

ಮಳೆಗಾಲ ಮುಗಿಯುವವರೆಗೂ ಹಾಗೇ ನಡೆಯಿತು. ಒಂದು ದಿನ ಗಲಾಟೆ, ಇನ್ನೊಂದು ದಿನ ಶಾಯಿ ಚೆಲ್ಲಿದ್ದು, ಮತ್ತೊಂದು ದಿನ ಹೊತ್ತಲ್ಲದ ಹೊತ್ತಲ್ಲಿ ಗಂಟೆ ಬಾರಿಸಿದ್ದು. ನಾನು ಮಾಡದ ಕಿತಾಪತಿಗಳೆಲ್ಲ ನನ್ನ ಹೆಸರಿಗೆ ಬಂದವು. ಹುಡುಗರು ನಗುವುದನ್ನು ಬಿಟ್ಟು, "ಭಾರೀ ಪೋಕ್ರಿ ಇವ್ನು" ಎಂದು ಜಾಗ ಬಿಟ್ಟುಕೊಡತೊಡಗಿದರು. ದಡ್ಡನೆಂದು ಓಡಿಹೋಗುವವನಿದ್ದೆ, ಪೋಕರಿಯಾಗಿ ಉಳಿದುಕೊಂಡೆ. ಕೊನೆಗೊಂದು ದಿನ ಇಡೀ ತರಗತಿಯೆದುರು ಒಂದು ಪಾಠವನ್ನು ಎಲ್ಲೂ ನಿಲ್ಲದೆ ಓದಿ ಮುಗಿಸಿದೆ. ತಮ್ಮ ತಿರುಗಿ ತಿರುಗಿ ನೋಡಿದ. ಅಂದು ಅಕ್ಕೋರಿಗೆ ಯಾವ ಗಲಾಟೆಯೂ ಕೇಳಿಸಲಿಲ್ಲ. ಅಷ್ಟು ದಿನ ನನಗಾಗಿ ತಪ್ಪಿಸಿಕೊಳ್ಳುತ್ತಿದ್ದ ಸಂಜೆಯ ಮೊದಲ ಬಸ್ಸು ಅವರಿಗೆ ಅಂದು ಸಿಕ್ಕಿತು.

ಸಭೆಯಲ್ಲಿ ಕೈ ಮೇಲೆ ಹೋದದ್ದು ಈ ಕಾರಣಕ್ಕೆ.

ಶಿಕ್ಷೆಗೆ ಕೂತಿದ್ದ ಮಕ್ಕಳೆಲ್ಲ ಹೊರಬಂದ ಮೇಲೆ ಕೊನೆಗೆ ಮಗಳು ಬಂದಳು. ಮುಖ ಊದಿಕೊಂಡಿತ್ತು.

"ಎಂತ ಹೇಳ್ಕೊಟ್ರು?"

"ಎಂತದೂ ಇಲ್ಲ. ಕೈ ಕಟ್ಟಿ ಕೂರ್ಸಿರು."

"ಲೆಕ್ಕ ಮಾಡುಕಾಗಿತ್ತಲೆ?"

"ಬಂದಿದ್ರೆ ಮನೇಲೇ ಮಾಡ್ತಿರ್ಲಿಲ್ವಾ ಅಪ್ಪ?"

ಸಭೆಯಲ್ಲಿ ಅರ್ಧ ಗಂಟೆ ಎಂದಷ್ಟೇ ಮಾತಾಗಿತ್ತು. ಆ ಹೊತ್ತಿನಲ್ಲಿ ಮಾಡಿಸುವುದೇನು ಎಂದು ಯಾರೂ ಕೇಳಿರಲಿಲ್ಲ; ಮೊದಲು ಕೈ ಎತ್ತಿದ ನಾನಂತೂ ಕೇಳಲೇ ಇಲ್ಲ.

ಅವಳನ್ನು ಕರೆದುಕೊಂಡು ಒಳಗೆ ಹೋದೆ. ಚಿಕ್ಕ ವಯಸ್ಸಿನ ಟೀಚರ್, ಮಕ್ಕಳ ಪಟ್ಟಿಪುಸ್ತಕಗಳ ರಾಶಿಯ ಹಿಂದೆ ಕೂತು ತಿದ್ದುತ್ತಿದ್ದರು.

"ಇವ್ಳಿಗೆ ಭಾಗಾಕಾರ ಬರುದಿಲ್ಲ ಟೀಚರ್. ಹೆಂಗೂ ಕೂರಿಸ್ತ್ರಿ, ಅದೊಂದು..." ಮುಂದಿನ ಮಾತು ಹೊರಡಲಿಲ್ಲ. ನನ್ನ ಹಳೇ ಕಾಯಿಲೆ.

"ಕೇಳಿದ್ರೆ ಹೇಳ್ಕೊಡ್ತಿದ್ದೆ. ಇವ್ಳು ಬಾಯೇ ಬಿಡುದಿಲ್ಲ" ಎಂದರು ಟೀಚರ್.

"ಎಲ್ಲರ ಎದ್ರಿಗೆ ಹೆಂಗೆ ಕೇಳುದು?" ನನ್ನ ಬೆನ್ನ ಹಿಂದಿನಿಂದ ಮಗಳು ಹೇಳಿದಳು.

ಟೀಚರ್ ಖಾಲಿ ಬೆಂಚುಗಳನ್ನು ನೋಡಿದರು. ತಿದ್ದುತ್ತಿದ್ದ ಪಟ್ಟಿ ಮುಚ್ಚಿದರು. "ಈಗ ಯಾರೂ ಇಲ್ಲಲೆ. ಬಾ."

ಮಗಳು ಚೀಲ ಇಳಿಸಿ ಮುಂದಿನ ಬೆಂಚಿನಲ್ಲಿ ಕೂತಳು. ಪಟ್ಟಿ ಬಿಚ್ಚುವ ಮೊದಲು ನನ್ನ ಕಡೆ ತಿರುಗಿ, "ನೀ ಹೊರ್ಗೆ ನಿಲ್ಲು ಅಪ್ಪ" ಎಂದಳು.

ಹೊರಗೆ ನಿಂತೆ.