ರತ್ನಗಂಬಳಿ ತುಳಿಯದ ಗಂಡು

ತೊಂಬತ್ತರ ದಶಕದ ದೋಹಾದಲ್ಲಿ ಮ್ಯಾನೇಜರನ್ನೇ ಎದುರು ಹಾಕಿಕೊಂಡ ಏಕೈಕ ವೀರ ನಾನು. ಬೆಂಗಳೂರಿನವರೇ ಆದ ನಮ್ಮ ಮ್ಯಾನೇಜರು ಅಲ್ಲಿನ ಸೂಕ್ ವಾಕಿಫ್ ಪೇಟೆಯಿಂದ ಹಳೆಯ ಇರಾನಿ ರತ್ನಗಂಬಳಿ ತಂದು ಆಫೀಸಿನ ಬಾಗಿಲಲ್ಲೇ ಹಾಸಿದ್ದರು. ಅದರ ನಡುವೆ ಕೋಲು ಹಿಡಿದ, ತಲೆಯ ಸುತ್ತ ಪ್ರಭೆಯಿದ್ದ ಗಡ್ಡದ ಹಿರಿಯರೊಬ್ಬರ ಚಿತ್ರ. ಅಂಚಿನ ತುಂಬ ಅಕ್ಷರ. ಕಾಗದಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವ ಜನ ನಾವು! ಮೈಯೆಲ್ಲ ಉರಿದುಹೋಯಿತು. ವಾರವಿಡೀ ಹಲ್ಲಿಯಂತೆ ಗೋಡೆಗೆ ಅಂಟಿಕೊಂಡೇ ಒಳಗೆ ಹೋದೆ.

“ಅದು ಇರೋದೇ ತುಳಿಯೋಕೆ ಕಣ್ರೀ,” ಅಂದರು ಮ್ಯಾನೇಜರು. “ನಿಮಗೇನು ಫಾರ್ಸಿ ಓದೋಕೆ ಬರತ್ತಾ?”

“ಬರಲ್ಲ ಸಾರ್. ಅಕ್ಷರ ಅಂತ ಗೊತ್ತಾಗತ್ತೆ. ಬೇಕಾದ್ರೆ ಊರಿಗೆ ಟಿಕೆಟ್ ಕೊಟ್ಟು ಕಳಿಸಿ, ನಾನು ಮಾತ್ರ ತುಳಿಯಲ್ಲ.”

ನನ್ನ ಬಾಯಿ ಮುಚ್ಚಿಸಲೆಂದು ಅವರು ಅದನ್ನು ಮಾರಿದ ಇರಾನಿ ವ್ಯಾಪಾರಿಯನ್ನೇ ಕರೆಸಿದರು. ಆ ಮುದುಕ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಂಚನ್ನೆತ್ತಿ ಮುತ್ತಿಟ್ಟು, ಹಿಂದಿಯಲ್ಲಿ ಗುಡುಗಿದ: “ಇವರು ಮೂಸಾ ಪೈಗಂಬರರು! ಇಲ್ಲಿ ಅವರ ಹೆಸರೇ ಇದೆ. ಗೋಡೆಗೆ ಅಂತ ತಾನೇ ನಾನು ಕೊಟ್ಟಿದ್ದು? ಯಲ್ಲಾ, ಬೇಗ ಬೇಗ, ಎತ್ತಿ ಮೇಲೆ!”

ಮ್ಯಾನೇಜರು ತಾವೇ ಮೊಳೆ ಹೊಡೆದು ನೇತುಹಾಕಿದರು, ಅದೂ ನಾನು ಅಂಟಿಕೊಳ್ಳುತ್ತಿದ್ದ ಗೋಡೆಗೇ. ಅಭ್ಯಾಸಬಲ ನೋಡಿ, ಮರುದಿನ ಬೆಳಿಗ್ಗೆ ಈ ವೀರನ ಭುಜ ನೇರ ಹೋಗಿ ಅದಕ್ಕೇ ತಾಗಿತು. ಯಾರೂ ನೋಡದ ಹಾಗೆ ಕಣ್ಣಿಗೊತ್ತಿಕೊಂಡೆ.