ಅರುಂಧತಿಯನ್ನು ಕಾಣದ ಅತ್ತಿಗೆ

ಹಾಲು ಕಾಯಿಸಿದೆ, ಅಕ್ಕಿ ಆರಿಸಿದೆ, ಒಣಗಿದ ಬಟ್ಟೆ ಮಡಿಸಿದೆ. ದಿಂಬಿನ ಗವುಸು ಹೊಲಿಯಲು ಕೂತಾಗ ಮಾತ್ರ ದಾರ ಸೂಜಿಗೆ ಹೋಗಲೊಲ್ಲದು. ಅತ್ತಿಗೆ ತಮ್ಮ ಕನ್ನಡಕ ತೆಗೆದಿಟ್ಟು, ಸೂಜಿಯನ್ನು ಮೂಗಿನ ತುದಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು.

ಅವರು ನಮ್ಮ ಮನೆಗೆ ಬಂದದ್ದೇ ಸೂಜಿಯ ದೆಸೆಯಿಂದ. ಅರವತ್ತರ ದಶಕದ ಮಾತು. ಹೆಣ್ಣು ನೋಡಲು ಹೋದವರು ಹಾಡಿಸುತ್ತಿದ್ದರು. ನನ್ನಮ್ಮ ದಾರ ಪೋಣಿಸಲು ಹೇಳುತ್ತಿದ್ದಳು. ಈ ಹುಡುಗಿ ಪೋಣಿಸಿದ್ದೇ ತಡ, "ಕಣ್ಣು ಅಂದ್ರೆ ಇದು!" ಎಂದು ಅಮ್ಮ ಅಣ್ಣನಿಗೆ ಇವರನ್ನೇ ಒಪ್ಪಿಬಿಟ್ಟಳು.

ಮದುವೆಯ ಸಂಜೆ. ಜಯನಗರದ ನಮ್ಮ ಮನೆಯ ಸುತ್ತ ಆಗ ಖಾಲಿ ಸೈಟುಗಳು, ಕಡುಗತ್ತಲೆ. ಪುರೋಹಿತರು ಉತ್ತರಕ್ಕೆ ಬೆರಳು ತೋರಿ, "ಅರುಂಧತಿ ಕಂಡಳೇನಮ್ಮ?" ಎಂದರು. ಹೂಂ ಅನ್ನುವುದು ಪದ್ಧತಿ. ಹಗಲಲ್ಲಿ ತೋರಿಸಿದರೂ ಹೂಂ ಅನ್ನುತ್ತಾರೆ, ನಿಮಗೆ ಗೊತ್ತಿರುವುದೇ. ಅತ್ತಿಗೆ, "ಇಲ್ಲ. ಅಲ್ಲಿ ಯಾವ ನಕ್ಷತ್ರಾನೂ ಇಲ್ವಲ್ಲ" ಎಂದುಬಿಟ್ಟರು.

"ಕಣ್ಣು ಕಾಣದವಳನ್ನ ಕಟ್ಟಿಬಿಟ್ರಲ್ಲೇ!" ಎಂದಳು ಸೋದರತ್ತೆ. ಮರುದಿನದಿಂದ ಅಮ್ಮ ಸೊಸೆಯನ್ನು ಒಲೆಯ ಬಳಿ ಬಿಡಲಿಲ್ಲ. "ಎಲ್ಲರಿಗೂ ಇಷ್ಟೇ ಕಾಣೋದು ಅಂದ್ಕೊಂಡಿದ್ದೆ" ಎಂದು ಅತ್ತಿಗೆ ನನ್ನೊಬ್ಬಳ ಹತ್ತಿರ ಹೇಳಿಕೊಂಡರು.

ಅಣ್ಣ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ, ಬಾಲದಂತೆ ನಾನೂ. ಗೋಡೆಯ ಮೇಲಿನ ಹಲಗೆಯಲ್ಲಿ ಬೂದುಗುಂಬಳದಷ್ಟು ದೊಡ್ಡ ಅಕ್ಷರದಿಂದ ಸಾಸಿವೆಯಷ್ಟು ಚಿಕ್ಕದರವರೆಗೆ ಸಾಲುಗಳು. ಅತ್ತಿಗೆ ಓದಿದ್ದು ಕುಂಬಳವೊಂದನ್ನೇ. ಡಾಕ್ಟರು ಬರಿಯ ಚೌಕಟ್ಟು ತೊಡಿಸಿ, ಗಾಜು ಬದಲಿಸುತ್ತಾ, "ಇದು ವಾಸಿನಾ, ಅದಾ?" ಎಂದು ಕೇಳಿದರು. ಕೊನೆಗೆ ಅತ್ತಿಗೆ ಸಾಸಿವೆಯನ್ನೂ ಓದಿ, ಅದರ ಕೆಳಗಿದ್ದ ಅಚ್ಚುಕೂಟದ ಹೆಸರನ್ನೂ ಓದಿದರು!

ಅಣ್ಣ ಸೂಜಿಯ ಕಥೆ ಹೇಳಿದ. ಡಾಕ್ಟರು ಅವನತ್ತ ತಿರುಗಿದರು. "ದೂರದ ಬೆಳಕು ಇವರ ಕಣ್ಣೊಳಗಿನ ಪರದೆ ತಲುಪೋಕೆ ಮುಂಚೆನೇ ಒಂದುಗೂಡುತ್ತೆ. ಅದಕ್ಕೇ ದೂರದ್ದು ಮಸಕು, ಹತ್ತಿರದ್ದು ಚೊಕ್ಕ. ಸೂಜಿ ಕೊಟ್ಟು ದೂರದ ಕಣ್ಣು ಅಳೀತಾರೇನ್ರೀ?"

ಕನ್ನಡಕ ಬಂದ ಸಂಜೆ ಅತ್ತಿಗೆ ಹಿತ್ತಲಿಂದ ಕೂಗಿದರು: "ಅತ್ತೆ, ಕಂಡ್ಲು! ದೊಡ್ಡ ನಕ್ಷತ್ರಕ್ಕೆ ಅಂಟಿಕೊಂಡಿರೋ ಪುಟ್ಟದು, ಅಲ್ವಾ?"

ಅಮ್ಮ ಬಹಳ ಹೊತ್ತು ದಿಟ್ಟಿಸಿದಳು. "ಎರಡಿದ್ಯಾ?"

"ನಿನ್ನ ಮದುವೇಲಿ ಇನ್ನೇನಮ್ಮ ನೋಡ್ದೆ?" ಎಂದ ಅಣ್ಣ.

"ಮಟಮಟ ಮಧ್ಯಾಹ್ನ ಕಣೋ. ನಿಮ್ಮಪ್ಪ ಹೂಂ ಅಂದ್ರು, ನಾನೂ ಅಂದೆ!" ಅಮ್ಮ ನಕ್ಕಳು. ನಗು ಮುಗಿದ ಮೇಲೆ ಸೊಸೆಗೆ ಹೇಳಿದಳು: "ನಾಳೆ ಹುಳಿ ನೀನೇ ಮಾಡು. ನಾನೂ ಆ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ."

ಇವತ್ತು ಸೂಜಿ ಕೊಡುತ್ತಾ ಅತ್ತಿಗೆ, "ನಾಳೆ ನೀನೂ ಹೋಗಿ ತೋರಿಸ್ಕೋತೀಯಾ?" ಎಂದರು. ಹೂಂ ಅಂದೆ. ಅವರೆದುರು ಹೂಂ ಅಂದ ಮೇಲೆ ಹೋಗಲೇಬೇಕು.

ರಾತ್ರಿ ಅನ್ನ, ಹುರುಳಿಕಾಯಿ ಹುಳಿ, ಸುಟ್ಟ ಹಪ್ಪಳ. ಕನ್ನಡಕ ಮಡಿಸಿ ದಿಂಬಿನ ಪಕ್ಕ ಇಟ್ಟು, ಅತ್ತಿಗೆಯೇ ಮೊದಲು ಮಲಗಿದರು.